ಮಳೆ ಸೀಮೆಯಲ್ಲಿ ಗಿಟಾರ್ ಕಟ್ಟುವುದು: ಮರ ಆರಿಸುವುದರಿಂದ ತಂತಿ ಬಿಗಿಯುವವರೆಗೆ

ಗಿಟಾರ್ ಕಟ್ಟುವ ಆಸೆ ಇರುವವರು ಮೊದಲು ಕೇಳುವುದು ಒಂದೇ: ಯಾವ ಮರ ಒಳ್ಳೆಯದು? ಉತ್ತರ ಕನ್ನಡದಲ್ಲಿ ಕೂತು ಕಟ್ಟುವವರಿಗೆ ಇದು ಎರಡನೇ ಪ್ರಶ್ನೆ. ಮರ ಎಷ್ಟು ಒಣಗಿದೆ, ಅದನ್ನು ಹೇಗೆ ಸೀಳಿದ್ದಾರೆ, ಅಂಟು ಹಚ್ಚುವ ದಿನ ಗಾಳಿಯಲ್ಲಿ ಎಷ್ಟು ತೇವ ಇದೆ, ಇಷ್ಟು ಮೊದಲು ಗೊತ್ತಾಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರು ಬಿಡುತ್ತದೆ. ಇನ್ನು 3 ಮಿ.ಮೀ. ದಪ್ಪದ ಹಲಗೆ ಸುಮ್ನೆ ಇರುತ್ತದೆಯೇ?

ಉಳಿ, ಹತ್ತರಿ, ಗರಗಸ ಹಿಡಿದು ಸ್ವಲ್ಪ ರೂಢಿ ಇದ್ದರೆ ಈ ಕೆಲಸಕ್ಕೆ ಇಳಿಯಬಹುದು. ದೊಡ್ಡ ಯಂತ್ರ ಬೇಕಿಲ್ಲ. ಆದರೆ ಮೂರು ಸಣ್ಣ ಸಾಮಾನು ಇಲ್ಲದೆ ಶುರು ಮಾಡಬೇಡಿ: ಗಾಳಿಯ ತೇವ ತೋರಿಸುವ ಹೈಗ್ರೋಮೀಟರ್, ದಪ್ಪ ಅಳೆಯುವ ಕ್ಯಾಲಿಪರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ. ತಕ್ಕಡಿ ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ಟೀಲೋ, ನೈಲಾನೋ?

ಮರ ಕೊಳ್ಳುವ ಮೊದಲೇ ಇದು ತೀರ್ಮಾನ ಆಗಬೇಕು. ಲೈಟ್ ಸ್ಟೀಲ್ ತಂತಿಗಳ ಸೆಟ್ ಸುಮಾರು 70 ಕಿಲೋ ಎಳೆತ ಹಾಕುತ್ತದೆ. ನೈಲಾನ್ ಸೆಟ್ 40 ಕಿಲೋ ಆಸುಪಾಸು. ಹಾಗಾಗಿ ಎರಡರ ಒಳಗಿನ ಕಟ್ಟಡವೇ ಬೇರೆ. ನೈಲಾನ್ ಗಿಟಾರ್‌ನಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ಹರಡಿದ ತೆಳು ಪಟ್ಟಿಗಳು ಇರುತ್ತವೆ. ಈ ಪದ್ಧತಿಗೆ ಗಟ್ಟಿ ರೂಪ ಕೊಟ್ಟವನು ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ದೆ ತೊರೆಸ್. ಸ್ಟೀಲ್ ಗಿಟಾರ್‌ನಲ್ಲಿ ಎರಡು ಪಟ್ಟಿಗಳು ಎಕ್ಸ್ ಆಕಾರದಲ್ಲಿ ಹಾಯುತ್ತವೆ. ಅಮೆರಿಕದ ಮಾರ್ಟಿನ್ ಕಂಪನಿ 1840ರ ದಶಕದಿಂದ ಬಳಸುತ್ತ ಬಂದ ವಿಧಾನ ಅದು. ನೈಲಾನ್‌ಗೆ ಕಟ್ಟಿದ ಪೆಟ್ಟಿಗೆಗೆ ಸ್ಟೀಲ್ ತಂತಿ ಹಾಕಿದರೆ ತಂತಿಗಳನ್ನು ಪೆಟ್ಟಿಗೆಗೆ ಕಟ್ಟುವ ಮರದ ತುಂಡು, ಅಂದರೆ ಬ್ರಿಜ್, ಕಿತ್ತು ಬರುತ್ತದೆ, ಇಲ್ಲವೇ ಅದರ ಅಡಿಯ ಮೇಲ್ಹಲಗೆ ಹೊಟ್ಟೆಯಂತೆ ಉಬ್ಬುತ್ತದೆ.

ನಮ್ಮ ಕಡೆ ಜಾಸ್ತಿ ಜನ ನುಡಿಸುವುದು ಸ್ಟೀಲ್ ತಂತಿ. ಅದಕ್ಕೇ ಇಲ್ಲಿನ ಅಳತೆಗಳೆಲ್ಲ ಸ್ಟೀಲ್ ಗಿಟಾರ್‌ನವು. ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ನಟ್‌ನಿಂದ ಬ್ರಿಜ್ ಮೇಲೆ ತಂತಿ ಕೂರುವ ಸ್ಯಾಡಲ್‌ಗೆ 650 ಮಿ.ಮೀ. ಇಟ್ಟುಕೊಳ್ಳಿ. ಪೂರ್ತಿ ಅಳತೆಯ ಒಂದು ನಕ್ಷೆ ಕೊಂಡು, ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಮೊದಲ ಗಿಟಾರ್‌ಗೆ ಸ್ವಂತ ಡಿಸೈನ್ ಬೇಡ.

ಸದ್ದಿನ ದೊಡ್ಡ ಪಾಲು ಮೇಲ್ಹಲಗೆಯದು

ತಂತಿ ತಾನಾಗಿ ಹೆಚ್ಚು ಗಾಳಿ ತಳ್ಳುವುದಿಲ್ಲ. ಅದು ಬ್ರಿಜ್ಜನ್ನು ಅಲುಗಿಸುತ್ತದೆ, ಬ್ರಿಜ್ ಮೇಲ್ಹಲಗೆಯನ್ನು ಅಲುಗಿಸುತ್ತದೆ, ಹಲಗೆ ಗಾಳಿಯನ್ನು ತಳ್ಳುತ್ತದೆ. ಹಲಗೆ ಹಗುರ ಇರಬೇಕು, ಇಲ್ಲದಿದ್ದರೆ ಅಲುಗುವುದಿಲ್ಲ. ಗಟ್ಟಿಯೂ ಇರಬೇಕು, ಇಲ್ಲದಿದ್ದರೆ 70 ಕಿಲೋ ಎಳೆತಕ್ಕೆ ಕುಸಿಯುತ್ತದೆ. ಈ ಎರಡೂ ಗುಣ ಒಟ್ಟಿಗೆ ಚೆನ್ನಾಗಿ ಸಿಗುವುದು ಸ್ಪ್ರೂಸ್, ಸೀಡರ್ ತರದ ಸೂಜಿ ಎಲೆಯ ಮರಗಳಲ್ಲಿ.

ಹಿಂಭಾಗ ಮತ್ತು ಪಕ್ಕೆಗಳ ಪಾತ್ರ ಎಷ್ಟು? ತೊರೆಸ್ 1862ರಲ್ಲಿ ಹಿಂಭಾಗ, ಪಕ್ಕೆ ಎರಡನ್ನೂ ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆ ಮಾತ್ರ ಸ್ಪ್ರೂಸ್ ಹಾಕಿ ಒಂದು ಗಿಟಾರ್ ಕಟ್ಟಿದ. ಅದು ನುಡಿಯಿತು. ಅಮೆರಿಕದ ಗಿಟಾರ್ ತಯಾರಕ ಬಾಬ್ ಟೇಲರ್ 1995ರಲ್ಲಿ ಸರಕು ಸಾಗಿಸುವ ಹಳೇ ಪ್ಯಾಲೆಟ್ ಕಟ್ಟಿಗೆಯಿಂದ ಗಿಟಾರ್ ಮಾಡಿ ತೋರಿಸಿದ. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಇನ್ನೂ ನೇರವಾಗಿದೆ. ಹಿಂಭಾಗ ಮತ್ತು ಪಕ್ಕೆಯ ಮರ ಮಾತ್ರ ಬೇರೆ ಬೇರೆ ಇರುವ 6 ಗಿಟಾರ್‌ಗಳನ್ನು 52 ವಾದಕರ ಕೈಗೆ, ಮರ ಕಾಣದ ಹಾಗೆ ಮಾಡಿ ಕೊಟ್ಟರು. ಅವರು ಕೊಟ್ಟ ಅಂಕಗಳಲ್ಲಿ ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಹಾಗಂತ ಹಿಂಭಾಗಕ್ಕೆ ಏನು ಬೇಕಾದರೂ ಹಾಕಿ ಅಂತ ನಾನು ಹೇಳುವುದಿಲ್ಲ. ಬೀಟೆ ಭಾರದ ಮರ, ತಟ್ಟಿದರೆ ಗಂಟೆಯಂತೆ ಮೊಳಗುತ್ತದೆ. ಮಹಾಗನಿ ಹಗುರ, ಸದ್ದು ಬೇಗ ಆರುತ್ತದೆ, ಮಧ್ಯದ ಸ್ವರಗಳು ಮುಂದೆ ಬರುತ್ತವೆ. ಈ ವ್ಯತ್ಯಾಸ ಇದೆ. ಆದರೆ ಅಂಗಡಿಯವರು ವರ್ಣಿಸುವಷ್ಟು ಇಲ್ಲ. ಮೇಲ್ಹಲಗೆಯನ್ನು ಅರ್ಧ ಮಿಲಿಮೀಟರ್ ಕೀಸಿದರೆ ಆಗುವ ಬದಲಾವಣೆ ಇದಕ್ಕಿಂತ ಎಷ್ಟೋ ದೊಡ್ಡದು. ಹಣ ಇದ್ದರೆ ಮೇಲ್ಹಲಗೆಗೆ ಹಾಕಿ.

ಮೇಲ್ಹಲಗೆಯನ್ನು ತರಿಸಲೇಬೇಕು

ನಮ್ಮ ಘಟ್ಟದ ಕಾಡಿನಲ್ಲಿ ಸ್ಪ್ರೂಸ್ ಬೆಳೆಯುವುದಿಲ್ಲ. ಎರಡು ಹೋಳಾಗಿ ಸೀಳಿದ ಜೋಡಿ ಹಲಗೆಗಳನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬೇಕು. ಸಿಟ್ಕಾ ಸ್ಪ್ರೂಸ್ ಆದರೆ ಜೋರಾಗಿ ಬಾರಿಸಿದರೂ ತಡೆದುಕೊಳ್ಳುತ್ತದೆ. ಸೀಡರ್ ಮೆತ್ತಗೆ ಮುಟ್ಟಿದರೂ ಮಾತಾಡುತ್ತದೆ, ಆದರೆ ಉಗುರು ತಾಗಿದರೆ ಗುರುತು ಬೀಳುತ್ತದೆ. ಮೊದಲ ಸಲಕ್ಕೆ ಸ್ಪ್ರೂಸ್ ಇರಲಿ. ದೇವದಾರು ನಮ್ಮ ದೇಶದ್ದೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಹೌದು, ಆದರೆ ಗಂಟಿಲ್ಲದ, ನೆಟ್ಟನೆ ಎಳೆಯ ಅಗಲ ಹಲಗೆ ಹುಡುಕುವ ಹೊತ್ತಿಗೆ ಸಾಕುಸಾಕಾಗುತ್ತದೆ.

ಹಲಗೆ ಕೈಗೆ ಬಂದಾಗ ಅದರ ತುದಿ ನೋಡಿ. ವರ್ಷದ ಗೆರೆಗಳು ಹಲಗೆಯ ಮುಖಕ್ಕೆ ನೇರ ಲಂಬವಾಗಿ ನಿಂತಿರಬೇಕು. ದಿಮ್ಮಿಯ ನಡುವಿನಿಂದ ಹೊರಗಿನ ಕಡೆಗೆ ಸೀಳಿದಾಗ ಮಾತ್ರ ಹೀಗೆ ಬರುತ್ತದೆ. ಇಂಥ ಹಲಗೆ ತೇವ ಕುಡಿದಾಗ ಕಡಿಮೆ ಹಿಗ್ಗುತ್ತದೆ, ಡೊಂಕಾಗುವುದಿಲ್ಲ. ಗೆರೆ ಅಡ್ಡ ಮಲಗಿದ್ದರೆ ವಾಪಸ್ ಕಳಿಸಿ. ಪಟ್ಟಿಗಳಿಗೂ, ಅಂದರೆ ಬ್ರೇಸ್‌ಗಳಿಗೂ, ಅಲ್ಲಿಂದಲೇ ಸ್ಪ್ರೂಸ್ ತುಂಡು ತರಿಸಿ. ಅದನ್ನು ಗರಗಸದಿಂದ ಕೊಯ್ಯುವ ಬದಲು ಉಳಿ ಇಟ್ಟು ಸೀಳಿ. ಸೀಳು ಎಳೆಯ ದಾರಿಯಲ್ಲೇ ಹೋಗುತ್ತದೆ, ಹಾಗಾಗಿ ಪಟ್ಟಿ ಸಣ್ಣದಾದರೂ ಮುರಿಯುವುದಿಲ್ಲ.

ಹಿಂಭಾಗ, ಪಕ್ಕೆ, ಕುತ್ತಿಗೆ: ನಮ್ಮ ಮರಗಳು

ಇಲ್ಲಿ ನಾವು ಅದೃಷ್ಟವಂತರು. ವಿದೇಶಿ ಕ್ಯಾಟಲಾಗ್‌ಗಳಲ್ಲಿ ಈಸ್ಟ್ ಇಂಡಿಯನ್ ರೋಸ್‌ವುಡ್ ಎಂದು ಬರೆದಿರುವುದು ನಮ್ಮ ಬೀಟೆಯನ್ನೇ. ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ, 1969ರ ಹೊತ್ತಿಗೆ, ಮಾರ್ಟಿನ್ ಕಂಪನಿ ಇದಕ್ಕೆ ಬದಲಾಯಿಸಿತು. ಅಲ್ಲಿಂದ ಜಗತ್ತಿನ ಗಿಟಾರ್‌ಗಳ ಬೆನ್ನಿಗೆ ಬೀಟೆ ಮಾಮೂಲಾಯಿತು.

ಆದರೆ ಬೀಟೆ ಮರ ನಿಮ್ಮ ಜಾಗದಲ್ಲೇ ಇದ್ದರೂ ಕಡಿಯುವ ಹಾಗಿಲ್ಲ. ಬೀಟೆ, ಸಾಗವಾನಿ, ಗಂಧ ಇವುಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅಡಿಕೆ ತೋಟಕ್ಕೆಂದು ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ನಮಗೆ ಇರುವುದು ಸೊಪ್ಪು, ದರಕಿನ (ಒಣ ಎಲೆಯ) ಹಕ್ಕು. ಮರದ ವಿಷಯಕ್ಕೆ ಹೋದರೆ ಕೇಸು. ಸರಿಯಾದ ದಾರಿ ಎರಡು. ಒಂದು, ಇಲಾಖೆಯ ಡಿಪೋದಲ್ಲಿ ಹರಾಜಾದ ಕಟ್ಟಿಗೆಯನ್ನು ಪರವಾನಗಿ ಇರುವ ಸಾಮಿಲ್‌ನಿಂದ ಬಿಲ್ ಸಮೇತ ಕೊಳ್ಳುವುದು. ದಾಂಡೇಲಿ, ಯಲ್ಲಾಪುರ ಕಡೆಯ ಸಾಗವಾನಿಗೆ ಹೆಸರು ಹೇಳಬೇಕಾಗಿಲ್ಲ. ಇನ್ನೊಂದು, ನನಗೆ ಜಾಸ್ತಿ ಇಷ್ಟವಾದದ್ದು, ಹಳೇ ಮನೆಯ ಸಾಮಾನು.

ಶಿರಸಿ, ಸಿದ್ದಾಪುರ, ಕುಮಟಾ ಕಡೆ ಹಳೇ ಮನೆ ಕೀಳಿಸಿ ಆರ್‌ಸಿಸಿ ಮನೆ ಕಟ್ಟಿಸುವುದು ನಡೆದೇ ಇದೆ. ತೊಲೆ, ಕಂಬ, ಬಾಗಿಲು, ಮಂಚದ ಹಲಗೆ ಮಾರಾಟಕ್ಕೆ ಬರುತ್ತವೆ. ಐವತ್ತು ಅರವತ್ತು ಮಳೆಗಾಲ ಕಂಡ ಮರ ಅದು. ಡೊಂಕಾಗುವುದಿದ್ದರೆ ಯಾವತ್ತೋ ಆಗಿರುತ್ತದೆ. ಮುರಿದ ಬೀಟೆ ಮಂಚದ ಒಂದು ಹಲಗೆಯಲ್ಲಿ ಫ್ರೆಟ್‌ಬೋರ್ಡ್ (ಕುತ್ತಿಗೆಯ ಮೇಲೆ ಬೆರಳೊತ್ತುವ ಪಟ್ಟಿ), ಬ್ರಿಜ್ ಎರಡೂ ಬರುತ್ತವೆ. ಕೊಳ್ಳುವಾಗ ಅಯಸ್ಕಾಂತ ಇಟ್ಟು ಮೊಳೆ ಹುಡುಕಿ, ಇಲ್ಲದಿದ್ದರೆ ಸಾಮಿಲ್‌ನವರು ಬ್ಲೇಡ್ ಹೋಯಿತು ಅಂತ ಬೈಯುತ್ತಾರೆ. ಸೂಜಿ ಮೊನೆಯಷ್ಟು ತೂತುಗಳಿಂದ ಹಿಟ್ಟು ಉದುರುತ್ತಿದ್ದರೆ ಹುಳ ಒಳಗೇ ಇದೆ. ಅದನ್ನು ಮನೆಗೇ ತರಬೇಡಿ.

ಈಗ ಒಂದೊಂದು ಮರದ ಗುಣ.

ಬೀಟೆ ಬಾಗಿಸಲು ಸುಲಭ, ಬಿಸಿಗೆ ಚೆನ್ನಾಗಿ ಒಲಿಯುತ್ತದೆ. ಎಣ್ಣೆ ಅಂಶ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮೊದಲು ಮೇಲ್ಮೈಯನ್ನು ಹೊಸದಾಗಿ ಕೀಸಬೇಕು. ಅದರ ಪುಡಿ ಕೆಲವರಿಗೆ ಮೈ ತುರಿಕೆ, ಸೀನು ತರುತ್ತದೆ. ಮಾಸ್ಕ್ ಹಾಕದೆ ಉಜ್ಜಬೇಡಿ.

ಸಾಗವಾನಿ ತೇವಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಕರಾವಳಿಯವರಿಗೆ ಇದು ದೊಡ್ಡ ಗುಣ. ಸದ್ದು ಬೀಟೆಯಷ್ಟು ಹೊಳಪಿಲ್ಲ, ಸ್ವಲ್ಪ ಒಣ ಅನಿಸುತ್ತದೆ. ಇದರಲ್ಲೂ ಎಣ್ಣೆ ಇದೆ, ಅಂಟಿಗೆ ಮೊದಲು ಅಸಿಟೋನ್‌ನಿಂದ ಒರೆಸಿ. ಮರಳಿನ ಅಂಶ ಇರುವುದರಿಂದ ಉಳಿ, ಹತ್ತರಿ ಬೇಗ ಮೊಂಡಾಗುತ್ತವೆ.

ಹಲಸನ್ನು ಯಾಕೋ ಗಿಟಾರ್ ಕಟ್ಟುವವರು ಮರೆತಿದ್ದಾರೆ. ವೀಣೆ ಹಲಸಿನದು, ಮೃದಂಗದ ಕಳಸಿ ಹಲಸಿನದು, ಯಕ್ಷಗಾನದ ಚಂಡೆಗೂ ಅದೇ ಮರ. ನಾದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಹೊಸದಾಗಿ ಸೀಳಿದಾಗ ಹಳದಿ, ವರ್ಷ ಕಳೆದಂತೆ ಜೇನು ಕಂದು. ತೂಕ ಮಹಾಗನಿಯ ಹತ್ತಿರ. ತೊಂದರೆ ಒಂದೇ: ಎಳೆ ಒಂದು ಕಡೆ ಬಲಕ್ಕೆ, ಇನ್ನೊಂದು ಕಡೆ ಎಡಕ್ಕೆ ಹೆಣೆದುಕೊಂಡಿರುತ್ತದೆ. ಹತ್ತರಿ ಹಾಕಿದರೆ ಚಕ್ಕೆ ಏಳುತ್ತದೆ. ಕೊನೆಯ ಹಂತದಲ್ಲಿ ಉಕ್ಕಿನ ಸ್ಕ್ರೇಪರ್ ಬಳಸಿ. ಮೊದಲ ಗಿಟಾರ್‌ನ ಹಿಂಭಾಗ, ಪಕ್ಕೆಗೆ ನನ್ನ ಓಟು ಹಲಸಿಗೆ.

ಮಾವು ಬಾಗುತ್ತದೆ, ನೋಡಲು ಚಂದದ ಗೆರೆ ಸಿಗುತ್ತದೆ, ಹವಾಯಿಯಲ್ಲಿ ಇದರಿಂದ ಉಕುಲೇಲೆ ಮಾಡುತ್ತಾರೆ. ಆದರೆ ಹುಳಕ್ಕೆ ಬಲು ಪ್ರೀತಿ. ಕಡಿದ ಕೂಡಲೇ ಸೀಳಿ ಒಣಗಿಸದಿದ್ದರೆ ಕೈಬಿಟ್ಟಂತೆಯೇ.

ಅಕೇಶಿಯಾ ಬಗ್ಗೆ ಒಂದು ಮಾತು. ನಮ್ಮ ಗುಡ್ಡಗಳ ಮೇಲೆಲ್ಲ ಇಲಾಖೆ ನೆಟ್ಟು, ನಾವೆಲ್ಲ ಬೈಯುವ ಮರ. ಹವಾಯಿಯ ಕೋವಾ ಮರಕ್ಕೆ ಗಿಟಾರ್ ಲೋಕದಲ್ಲಿ ಚಿನ್ನದ ಬೆಲೆ, ಆಸ್ಟ್ರೇಲಿಯಾದ ಬ್ಲ್ಯಾಕ್‌ವುಡ್‌ಗೂ ಹಾಗೇ. ಎರಡೂ ಅಕೇಶಿಯಾ ಕುಲದವೇ. ನಮ್ಮದು ಅವುಗಳಷ್ಟು ನೆಟ್ಟಗೆ ಬೆಳೆಯುವುದಿಲ್ಲ, ಒಣಗುವಾಗ ಬಿರಿಯುವುದೂ ಜಾಸ್ತಿ. ಆದರೂ ನೆಟ್ಟನೆಯ ಕೆಚ್ಚು ಸಿಕ್ಕಿದರೆ ಪರೀಕ್ಷೆ ಮಾಡಲು ಯೋಗ್ಯ.

ಕುತ್ತಿಗೆಗೆ ಹಗುರವಾಗಿ, ಸೆಟೆದುಕೊಳ್ಳದೆ ಇರುವ ಮರ ಬೇಕು. ಮಹಾಗನಿ ಮನೆತನದ್ದೇ ಆದ ತೂನ್ ಒಳ್ಳೆಯ ಆಯ್ಕೆ. ಮಿರಜ್‌ನಲ್ಲಿ ತಂಬೂರಿ, ಸಿತಾರ್ ಮಾಡುವವರು ಬಹುಕಾಲದಿಂದ ಬಳಸುವ ಮರ ಇದು. ಸಿಗದಿದ್ದರೆ ಹಳೇ ಸಾಗವಾನಿಯ ಎರಡು ಪಟ್ಟಿ, ನಡುವೆ ಬೀಟೆಯ ತೆಳು ಪಟ್ಟಿ ಸೇರಿಸಿ ಅಂಟಿಸಿ. ಸ್ವಲ್ಪ ಭಾರ ಆಗುತ್ತದೆ, ಆದರೆ ಮಳೆಗಾಲದಲ್ಲಿ ತಿರುಚುವುದಿಲ್ಲ. ಫ್ರೆಟ್‌ಬೋರ್ಡ್‌ಗೆ ಕರಿಮರ (ಎಬೊನಿ) ಬೇಕೇ ಬೇಕು ಅಂತ ಏನಿಲ್ಲ, ಬೀಟೆ ಸಾಕು.

ಒಣಗಿಸುವುದು: ಅರ್ಧ ಗಿಟಾರ್ ಇಲ್ಲೇ ಆಗುತ್ತದೆ

ಮರ ಯಾವತ್ತೂ ಸುತ್ತಲಿನ ಗಾಳಿಯ ಜೊತೆ ತೇವ ಹಂಚಿಕೊಳ್ಳುತ್ತಲೇ ಇರುತ್ತದೆ. ಗಾಳಿಯಲ್ಲಿ ತೇವ ಶೇ. 45ರಿಂದ 50 ಇದ್ದರೆ ಮರದೊಳಗೆ ಸುಮಾರು ಶೇ. 8ರಿಂದ 9 ನೀರು ನಿಲ್ಲುತ್ತದೆ. ಗಾಳಿಯಲ್ಲಿ ಶೇ. 80 ಇದ್ದರೆ ಮರದೊಳಗೆ 16ರ ಹತ್ತಿರ. ಕಾರವಾರದ ಮಳೆಗಾಲದಲ್ಲಿ ಇದಕ್ಕಿಂತಲೂ ಜಾಸ್ತಿ.

ಲೆಕ್ಕ ಹಾಕಿ ನೋಡಿ. ಸ್ಪ್ರೂಸ್ ಹಲಗೆ ಒಳಗಿನ ನೀರು ಶೇ. 1 ಇಳಿದಾಗ ಅಗಲದಲ್ಲಿ ಸುಮಾರು ಶೇ. 0.14 ಕುಗ್ಗುತ್ತದೆ. 16ರಿಂದ 8ಕ್ಕೆ ಇಳಿದರೆ 400 ಮಿ.ಮೀ. ಅಗಲದ ಮೇಲ್ಹಲಗೆ 4 ಮಿ.ಮೀ.ಗಿಂತ ಜಾಸ್ತಿ ಕಿರಿದಾಗಬೇಕು. ಆದರೆ ನೀವು ಜುಲೈನಲ್ಲಿ ಅದರ ಬೆನ್ನಿಗೆ ಅಡ್ಡಪಟ್ಟಿ ಅಂಟಿಸಿ ಕಟ್ಟಿಹಾಕಿದ್ದೀರಿ. ಪಟ್ಟಿ ಉದ್ದದಲ್ಲಿ ಕುಗ್ಗುವುದೇ ಇಲ್ಲ ಎನ್ನಬಹುದು. ಮಾರ್ಚ್‌ನಲ್ಲಿ ಆ ಗಿಟಾರ್ ಹುಬ್ಬಳ್ಳಿಗೆ ಹೋದರೆ ಹಲಗೆ ಕುಗ್ಗಲು ದಾರಿಯಿಲ್ಲದೆ ನಡುವೆ ಬಿರಿಯುತ್ತದೆ. ಒಣ ಗಾಳಿಯಲ್ಲಿ ಕಟ್ಟಿದ್ದು ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತದೆ ಅಷ್ಟೆ, ಆಮೇಲೆ ಇಳಿಯುತ್ತದೆ.

ಹಾಗಾಗಿ ಕೆಲಸವನ್ನು ವರ್ಷದ ಮೇಲೆ ಹಂಚಿಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಅಡಿಕೆ ಒಣಗಿಸುವ ತಿಂಗಳುಗಳಲ್ಲೇ, ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಮೇಲ್ಹಲಗೆ ಮತ್ತು ಹಿಂಹಲಗೆಗೆ ಪಟ್ಟಿ ಅಂಟಿಸಿ ಪೆಟ್ಟಿಗೆ ಮುಚ್ಚಿ. ಹೈಗ್ರೋಮೀಟರ್ 45ರಿಂದ 50 ತೋರಿಸುವ ಹೊತ್ತು ನೋಡಿಕೊಳ್ಳಿ. ಕಾರವಾರ, ಅಂಕೋಲಾ, ಹೊನ್ನಾವರದವರಿಗೆ ಚಳಿಗಾಲದಲ್ಲೂ ಕಡಲ ಗಾಳಿ ಬಿಡುವುದಿಲ್ಲ. ಅವರು ಎಸಿ ಇರುವ ಸಣ್ಣ ಕೋಣೆಯೊಂದನ್ನು ಕೆಲವು ದಿನ ಹಿಡಿದುಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಕುತ್ತಿಗೆ ಕೆತ್ತಿ, ಅಚ್ಚು ಮಾಡಿ, ಉಪಕರಣ ಮಸೆಯಿರಿ.

ಒಣಗಿಸುವ ಕ್ರಮ ಹೀಗೆ. ಹಸಿ ಮರವಾದರೆ ಅಂಗುಲ ದಪ್ಪಕ್ಕೆ ಒಂದು ವರ್ಷ ಎನ್ನುವುದು ಹಳೇ ಲೆಕ್ಕ. ತುದಿಗಳಿಗೆ ಪೇಂಟ್ ಅಥವಾ ಮೇಣ ಹಚ್ಚಿ, ಇಲ್ಲದಿದ್ದರೆ ನೀರು ತುದಿಯಿಂದ ಓಡಿಹೋಗಿ ಸೀಳು ಬಿಡುತ್ತದೆ. ಹಲಗೆಗಳ ನಡುವೆ ಒಂದೇ ದಪ್ಪದ ರೀಪು ಇಟ್ಟು ಪೇರಿಸಿ. ಬಚ್ಚಲ ಒಲೆಯ ಮೇಲಿನ ಅಟ್ಟ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಹಸಿ ಮರವನ್ನು ಮೊದಲ ದಿನವೇ ಅಲ್ಲಿ ಇಡಬೇಡಿ. ಕೆಲವು ತಿಂಗಳು ಜಗುಲಿಯ ನೆರಳಲ್ಲಿ ಆರಲಿ.

ಇಷ್ಟಾದರೂ ನಮ್ಮ ಗಾಳಿಯಲ್ಲಿ ಮರ 13–14ರ ಕೆಳಗೆ ಇಳಿಯಲು ಒದ್ದಾಡುತ್ತದೆ. ಕೊನೆಯ ಹಂತಕ್ಕೆ ಬಿಸಿ ಪೆಟ್ಟಿಗೆ ಮಾಡಿಕೊಳ್ಳಿ. ಪ್ಲೈವುಡ್ ಡಬ್ಬ, ಕೆಳಗೆ ಹಳೇ ಕಾಲದ 60 ಅಥವಾ 100 ವಾಟ್ ಬಲ್ಬು, ಮೇಲೆ ಕೆಳಗೆ ಕೆಲವು ತೂತು, ಬಲ್ಬಿಗೂ ಮರಕ್ಕೂ ಚೆನ್ನಾಗಿ ಅಂತರ. ಎಲ್‌ಇಡಿ ಹಾಕಿದರೆ ಬೆಳಕು ಮಾತ್ರ ಬರುತ್ತದೆ. ಹೊರಗೆ 27 ಡಿಗ್ರಿ, ತೇವ ಶೇ. 85 ಇದೆ ಅಂತಿಟ್ಟುಕೊಳ್ಳಿ. ಅದೇ ಗಾಳಿಯನ್ನು ಪೆಟ್ಟಿಗೆಯಲ್ಲಿ 37 ಡಿಗ್ರಿಗೆ ಕಾಯಿಸಿದರೆ ತೇವ 48ರ ಸುತ್ತ ಬರುತ್ತದೆ. ಹತ್ತು ಡಿಗ್ರಿ ಬಿಸಿ ಅಷ್ಟು ಕೆಲಸ ಮಾಡುತ್ತದೆ.

ಈಗ ತಕ್ಕಡಿ. ಸೀಳಿದ ಹಲಗೆಯನ್ನು ವಾರಕ್ಕೊಮ್ಮೆ ತೂಗಿ, ಪೆನ್ಸಿಲ್‌ನಲ್ಲಿ ಅದರ ಮೇಲೇ ಬರೆಯಿರಿ. ತೂಕ ಇಳಿಯುವುದು ನಿಂತಾಗ ಮರ ಪೆಟ್ಟಿಗೆಯ ಗಾಳಿಗೆ ಒಗ್ಗಿದೆ ಎಂದರ್ಥ. ಖಚಿತ ಬೇಕೆಂದರೆ ಒಂದು ಸಣ್ಣ ತುಂಡು ಕತ್ತರಿಸಿ ತೂಗಿ. ಅದನ್ನು 105 ಡಿಗ್ರಿಯ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಮೊದಲು 54 ಗ್ರಾಂ, ಆಮೇಲೆ 50 ಗ್ರಾಂ ಬಂದರೆ, ಹೋದ 4 ಗ್ರಾಂ ನೀರನ್ನು 50ರಿಂದ ಭಾಗಿಸಿ: ಶೇ. 8. ಮರ ತಯಾರು.

ಮೇಲ್ಹಲಗೆ ಕಟ್ಟುವುದು

ಜೋಡಿ ಹಲಗೆಗಳನ್ನು ಪುಸ್ತಕ ಬಿಚ್ಚಿದಂತೆ ತೆರೆದು, ಸೇರುವ ಅಂಚನ್ನು ನೇರ ಕೀಸಿ. ಎರಡನ್ನೂ ಒತ್ತಿ ಹಿಡಿದು ಕಿಟಕಿಯ ಬೆಳಕಿಗೆ ನೋಡಿ. ಬೆಳಕಿನ ಗೆರೆ ಎಲ್ಲೂ ಕಾಣಬಾರದು. ಕ್ಲಾಂಪ್ ಬಿಗಿದು ಸಂದು ಮುಚ್ಚುತ್ತೇನೆ ಎನ್ನಬೇಡಿ, ಅದು ಒಂದು ದಿನ ಬಾಯಿ ಬಿಡುತ್ತದೆ. ಅಂಟಿಗೆ ಹಳದಿ ಮರದಂಟು ಬಳಸಿ. ಫರ್ನಿಚರ್‌ಗೆ ಹಾಕುವ ಬಿಳಿ ಅಂಟು ಸದಾ ಎಳೆತ ಇರುವ ಕಡೆ, ಬಿಸಿಲಿಗೆ ಬಿಟ್ಟ ಕಾರಿನೊಳಗೆ, ನಿಧಾನವಾಗಿ ಜಾರುತ್ತದೆ.

ಒಣಗಿದ ಮೇಲೆ 3.2 ಮಿ.ಮೀ.ಗೆ ತನ್ನಿ. ರೋಸೆಟ್, ಅಂದರೆ ಸದ್ದಿನ ತೂತಿನ ಸುತ್ತಲಿನ ಅಲಂಕಾರ, ಈಗಲೇ ಕೂರಿಸಿ. ಇದನ್ನು ಪೇಟೆಯಿಂದ ತರಿಸುವ ಬದಲು ಬೀಟೆ ಮತ್ತು ಹಲಸಿನ ಚೂರು ಜೋಡಿಸಿ ಮಾಡಬಹುದು. ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅವರ ಮನೆಯಲ್ಲಿ ಒಂದು ಮಧ್ಯಾಹ್ನ ಕೂತು ಉಳಿ ಹಿಡಿಯುವ ರೀತಿ ನೋಡಿದರೂ ಕಲಿಯುವುದಿದೆ.

ಆಮೇಲೆ ಕೀಸುವುದು. ಹಲಗೆಯ ಬಿಗಿ ಅದರ ದಪ್ಪದ ಘನದ ಲೆಕ್ಕದಲ್ಲಿ ಇಳಿಯುತ್ತದೆ. 3 ಮಿ.ಮೀ.ಯಿಂದ 2.5ಕ್ಕೆ ಬಂದರೆ ಬಿಗಿ ಶೇ. 40ಕ್ಕಿಂತ ಜಾಸ್ತಿ ಹೋಗುತ್ತದೆ. ಹಾಗಾಗಿ ಕೊನೆಯಲ್ಲಿ ಒಂದೆರಡು ಕೀಸು, ಒಂದು ತಟ್ಟು ಎನ್ನುವ ಹಾಗೆ ಹೋಗಿ. ಮೇಲ್ತುದಿಯಿಂದ ಕಾಲು ಭಾಗ ಕೆಳಗೆ, ಅಂಚಿನ ಹತ್ತಿರ ಎರಡೇ ಬೆರಳಲ್ಲಿ ಹಿಡಿದು, ನಡುವೆ ಬೆರಳ ತುದಿಯಿಂದ ತಟ್ಟಿ. ದಪ್ಪ ಹಲಗೆ ಟಕ್ ಎನ್ನುತ್ತದೆ. ತೆಳುವಾದಂತೆ ಸ್ವರ ಇಳಿಯುತ್ತದೆ, ಉದ್ದಕ್ಕೆ ಮೊಳಗುತ್ತದೆ. ಇನ್ನೂ ಕೀಸಿದರೆ ಒಂದು ಹಂತದಲ್ಲಿ ಮೊಳಗು ಸತ್ತು ರಟ್ಟಿನ ಸದ್ದು ಬರುತ್ತದೆ. ಅದಕ್ಕೆ ಮೊದಲು ನಿಲ್ಲಿಸಬೇಕು. ಸಿಟ್ಕಾ ಆದರೆ 2.8ರಿಂದ 3 ಮಿ.ಮೀ. ಸುರಕ್ಷಿತ. ಸೀಡರ್ ಆದರೆ ಸ್ವಲ್ಪ ದಪ್ಪ ಬಿಡಿ.

ಎಕ್ಸ್ ಪಟ್ಟಿಗಳು 8 ಮಿ.ಮೀ. ಅಗಲ, ಹಾಯುವ ಜಾಗದಲ್ಲಿ 15 ಮಿ.ಮೀ. ಎತ್ತರ. ಬ್ರಿಜ್ಜಿನ ಅಡಿಗೆ ಬೀಟೆಯ ತೆಳು ತುಂಡು. ಪಟ್ಟಿಯ ವಿಷಯದಲ್ಲೂ ಎತ್ತರದ ಘನದ ಲೆಕ್ಕವೇ. ಭಾರ ತಗ್ಗಿಸಬೇಕಿದ್ದರೆ ಅಗಲ ಕಡಿಮೆ ಮಾಡಿ. ಸದ್ದು ಬಿಚ್ಚಬೇಕಿದ್ದರೆ ಎತ್ತರವನ್ನು ತುದಿಗಳ ಕಡೆಯಿಂದ ಕೆತ್ತುತ್ತ ಬನ್ನಿ, ಪ್ರತಿ ಸಲ ತಟ್ಟಿ ಕೇಳಿ. ಹೊಸಬರು ಹೆದರಿ ಪಟ್ಟಿಗಳನ್ನು ತೊಲೆಯಷ್ಟು ದಪ್ಪ ಬಿಡುತ್ತಾರೆ. ಮನೆಯಲ್ಲಿ ಕಟ್ಟಿದ ಗಿಟಾರ್‌ಗಳು ಮಂಕಾಗುವುದಕ್ಕೆ ಮರಕ್ಕಿಂತ ಇದೇ ಕಾರಣ.

ಪಕ್ಕೆ ಬಾಗಿಸಿ, ಪೆಟ್ಟಿಗೆ ಮುಚ್ಚುವುದು

ಪಕ್ಕೆಗಳು 2 ಮಿ.ಮೀ. ದಪ್ಪ. ಎರಡು ಮೂರು ಅಂಗುಲದ ಕಬ್ಬಿಣದ ಪೈಪನ್ನು ವೈಸ್‌ಗೆ ಬಿಗಿದು, ಒಳಗಿನಿಂದ ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ. ನೀರು ಚಿಮುಕಿಸಿದರೆ ಚುರ್ ಎಂದು ಹಾರಬೇಕು. ಪಕ್ಕೆಯನ್ನು ಸ್ವಲ್ಪ ಒದ್ದೆ ಮಾಡಿ, ಸೊಂಟದ ಬಳುಕಿನಿಂದ ಶುರು ಮಾಡಿ. ಬಲ ಹಾಕಬೇಡಿ. ಮರ ಬಿಸಿಯಾದಾಗ ತಾನೇ ಸಡಿಲ ಬಿಡುತ್ತದೆ, ಅದು ಕೈಗೆ ಗೊತ್ತಾಗುತ್ತದೆ. ಬಾಗಿದ್ದನ್ನು ಪ್ಲೈವುಡ್ ಅಚ್ಚಿನೊಳಗೆ ಬಿಗಿದು ರಾತ್ರಿಯಿಡೀ ಬಿಡಿ. ಹಲಸಿನ ಪಕ್ಕೆ ಎರಡು ಹೆಚ್ಚಿಗೆ ಇಟ್ಟುಕೊಂಡಿರಿ.

ಪೆಟ್ಟಿಗೆಯೊಳಗೆ ಕುತ್ತಿಗೆ ಕಡೆ, ತಳದ ಕಡೆ ಒಂದೊಂದು ಮರದ ತುಂಡು, ಹಲಗೆಗಳು ಅಂಟಿಕೊಳ್ಳಲು ಪಕ್ಕೆಯ ಒಳಅಂಚಿಗೆ ಸೀಳು ಕೊಯ್ದ ಪಟ್ಟಿ. ಹಿಂಹಲಗೆ 2.5 ಮಿ.ಮೀ. ಸುತ್ತ, ನಾಲ್ಕು ಅಡ್ಡಪಟ್ಟಿ, ಸ್ವಲ್ಪ ಉಬ್ಬು. ಮುಚ್ಚುವ ಮೊದಲು ಒಳಗೆ ಸಹಿ ಹಾಕಿ, ತಿಂಗಳು ಬರೆಯಿರಿ, ಆ ದಿನದ ಗಾಳಿಯ ತೇವವನ್ನೂ ಬರೆಯಿರಿ. ಮುಂದೆ ರಿಪೇರಿ ಮಾಡುವವರಿಗೆ ಆ ಸಂಖ್ಯೆ ಬೇಕಾಗುತ್ತದೆ.

ಕುತ್ತಿಗೆ, ಫ್ರೆಟ್, ಬ್ರಿಜ್

ತಲೆಭಾಗ ಸುಮಾರು 15 ಡಿಗ್ರಿ ಹಿಂದಕ್ಕೆ ಬಾಗಿರಲಿ, ಒಂದೇ ತುಂಡಿನಲ್ಲಿ ಕೆತ್ತದೆ ಓರೆ ಜೋಡಣೆ ಮಾಡಿ. ಮರ ಉಳಿಯುತ್ತದೆ, ಗಟ್ಟಿಯೂ ಹೌದು. ಒಳಗೆ ಟ್ರಸ್ ರಾಡ್, ಅಂದರೆ ಕುತ್ತಿಗೆಯ ಬಾಗು ತಿದ್ದುವ ಲೋಹದ ಸರಳು, ಹಾಕಿ. ಪೆಟ್ಟಿಗೆಗೆ ಅಂಟಿಸುವ ಬದಲು ಬೋಲ್ಟ್ ಹಾಕುವುದು ನಮ್ಮ ಹವೆಗೆ ಒಳ್ಳೆಯದು. ಒಂದೆರಡು ಮಳೆಗಾಲ ಕಳೆದ ಮೇಲೆ ಕೋನ ತಿದ್ದಬೇಕಾಗಿ ಬಂದರೆ ಬಿಚ್ಚಿ ತಿದ್ದಬಹುದು. ಫ್ರೆಟ್, ಅಂದರೆ ಫ್ರೆಟ್‌ಬೋರ್ಡ್ ಮೇಲಿನ ಅಡ್ಡ ಲೋಹದ ಪಟ್ಟಿಗಳನ್ನು, ಹಾಕಿದ ಮೇಲೆ ಉದ್ದದ ನೇರ ಪಟ್ಟಿ ಇಟ್ಟರೆ ಅದು ಬ್ರಿಜ್ಜಿನ ನೆತ್ತಿಯನ್ನು ಸವರಿ ಹೋಗಬೇಕು.

ಫ್ರೆಟ್ ಲೆಕ್ಕ ಸುಲಭ. 650ನ್ನು 17.817 ಎನ್ನುವ ಬದಲಾಗದ ಸಂಖ್ಯೆಯಿಂದ ಭಾಗಿಸಿ: 36.48 ಮಿ.ಮೀ. ನಟ್‌ನಿಂದ ಮೊದಲ ಫ್ರೆಟ್ ಅಷ್ಟು ದೂರ. ಉಳಿದ 613.52ನ್ನು ಮತ್ತೆ ಅದರಿಂದಲೇ ಭಾಗಿಸಿ: 34.43. ಹೀಗೇ ಮುಂದೆ. 12ನೇ ಫ್ರೆಟ್ ಸರಿಯಾಗಿ 325ಕ್ಕೆ ಬಂದರೆ ಲೆಕ್ಕ ಸರಿ. ಗುರುತು ಹಾಕುವಾಗ ಮಾತ್ರ ಪ್ರತಿ ಅಳತೆಯನ್ನೂ ನಟ್‌ನಿಂದಲೇ ಹಿಡಿಯಿರಿ. ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದರೆ ಕೂದಲೆಳೆಯ ತಪ್ಪುಗಳು ಕೂಡುತ್ತ ಹೋಗುತ್ತವೆ.

ಸ್ಯಾಡಲ್ ಮಾತ್ರ ಸರಿಯಾಗಿ 650ಕ್ಕೆ ಬೇಡ. ತಂತಿ ಒತ್ತಿದಾಗ ಎಳೆತ ಹೆಚ್ಚಿ ಸ್ವರ ಏರುತ್ತದೆ. ಅದನ್ನು ಸರಿದೂಗಿಸಲು ತೆಳು ತಂತಿಯ ಕಡೆ 2ರಿಂದ 3 ಮಿ.ಮೀ., ದಪ್ಪ ತಂತಿಯ ಕಡೆ 5 ಮಿ.ಮೀ. ಹಿಂದಕ್ಕೆ ಓರೆಯಾಗಿ ಕೂರಿಸಿ.

ಪಾಲಿಶ್

ಫರ್ನಿಚರ್‌ಗೆ ಹೊಡೆಯುವ ದಪ್ಪ ಪಿಯು (ಪಾಲಿಯುರೆಥೇನ್) ಬೇಡ, ಮೇಲ್ಹಲಗೆಗೆ ಭಾರ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಪದರ ಪದರ ಹಚ್ಚಿ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಹಚ್ಚಿದರೆ ಬೆಳ್ಳಗೆ ಮಂಜು ಕವಿದಂತೆ ಆಗುವುದು ಅದಕ್ಕೇ. ಅಕ್ಟೋಬರ್ ಕೊನೆಯವರೆಗೆ ಕಾಯಿರಿ. ಬೀಟೆಯ ಬಣ್ಣ ಬಿಳಿ ಸ್ಪ್ರೂಸ್ ಮೇಲೆ ಹರಿಯದಂತೆ ಮೇಲ್ಹಲಗೆಗೆ ಮೊದಲು ಒಂದು ಪದರ ಹಾಕಿಕೊಳ್ಳಿ. ಫ್ರೆಟ್‌ಬೋರ್ಡ್‌ಗೆ ಪಾಲಿಶ್ ಬೇಡ, ಸ್ವಲ್ಪ ಎಣ್ಣೆ ಸಾಕು.

ತಂತಿ ಹಾಕಿದ ಮೇಲೆ

12ನೇ ಫ್ರೆಟ್ ಮೇಲೆ ತೆಳು ತಂತಿ 2 ಮಿ.ಮೀ., ದಪ್ಪ ತಂತಿ 2.5 ಮಿ.ಮೀ. ಎತ್ತರ ಇದ್ದರೆ ಬೆರಳಿಗೆ ಹಿತ. ಮೊದಲ ಎರಡು ವಾರ ಪೆಟ್ಟಿಗೆ ಎಳೆತಕ್ಕೆ ಒಗ್ಗುತ್ತದೆ, ಹೊಟ್ಟೆ ತುಸು ಏಳುತ್ತದೆ, ಎತ್ತರ ಬದಲಾಗುತ್ತದೆ. ಅಲ್ಲಿಯವರೆಗೆ ಸ್ಯಾಡಲ್ ಕೀಸಲು ಅವಸರ ಮಾಡಬೇಡಿ.

ಜೂನ್ ಬಂದಾಗ ಗಿಟಾರನ್ನು ಹೊರಗೋಡೆಗೆ ನೇತು ಹಾಕಬೇಡಿ, ಬೆನ್ನಿಗೆ ಬಿಳಿ ಬೂಸ್ಟು ಹಿಡಿಯುತ್ತದೆ. ಗಟ್ಟಿ ಕೇಸಿನೊಳಗೆ ಸಿಲಿಕಾ ಜೆಲ್ ಚೀಲ ಇಟ್ಟು, ಜೊತೆಗೆ ಸಣ್ಣ ಹೈಗ್ರೋಮೀಟರ್ ಇಡಿ. ಜೆಲ್ ತೇವ ಕುಡಿದು ತುಂಬಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಕಾರವಾರದಲ್ಲಿ ಉಪ್ಪು ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿ.

ಎಷ್ಟೇ ಕಾಪಾಡಿದರೂ ಮಳೆಗಾಲದಲ್ಲಿ ಮೇಲ್ಹಲಗೆ ಸ್ವಲ್ಪ ಉಬ್ಬಿ ತಂತಿ ಮೇಲೇಳುತ್ತದೆ. ಅದಕ್ಕೆ ಮೂಳೆಯ ಎರಡು ಸ್ಯಾಡಲ್ ಮಾಡಿಟ್ಟುಕೊಳ್ಳಿ. ಒಂದು ಬೇಸಿಗೆಗೆ, ಇನ್ನೊಂದು ಅರ್ಧ ಮಿಲಿಮೀಟರ್ ಗಿಡ್ಡ, ಮಳೆಗಾಲಕ್ಕೆ. ತಂತಿ ಸಡಿಲಿಸಿ ಬದಲಾಯಿಸಲು ಐದು ನಿಮಿಷ ಸಾಕು. ಯಾವುದು ಯಾವ ಕಾಲದ್ದು ಅಂತ ಅಡಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ, ಕೇಸಿನೊಳಗೇ ಇಡಿ.